ಬಾಣದ ಎಡಗಡೆಯ ಸಂಖ್ಯೆ

ಪರದೆಯ ಮೇಲೆ ಮೂಡಿದ ಸಾಲು ಚಿಕ್ಕದಾಗಿತ್ತು: ‘2053 ಓವರ್ 32768’, ಅದರ ಮುಂದೆ ಒಂದು ಬಾಣದ ಗುರುತು, ಬಾಣದ ಬಲಗಡೆ −1.203. ಅದಕ್ಕೂ ಮುಂಚೆ ಓಡಿಸಿದಾಗ ಬಂದದ್ದು −1.211, ಅದಕ್ಕೂ ಮುಂಚಿನದು −1.196. ಈ ಮೂರು ಓಟಗಳ ನಡುವೆ ನಾನು ಚಾನೆಲ್‌ಗೆ, ಅಂದರೆ ಬಿಟ್‌ಗಳು ಸಾಗುವ ದಾರಿಗೆ, ಬೆರೆಸುತ್ತಿದ್ದ ಗದ್ದಲವನ್ನು ಪ್ರತಿಸಲ ಎರಡು ಡೆಸಿಬೆಲ್‌ನಂತೆ ತಗ್ಗಿಸಿದ್ದೆ. ಗದ್ದಲ ತಗ್ಗಿದರೆ ತಪ್ಪಾಗಿ ತಲುಪುವ ಬಿಟ್‌ಗಳೂ ಕಡಿಮೆಯಾಗಬೇಕೆಂಬುದು ಸಂವಹನ ವಿಷಯದ ಮೊದಲ ಪಾಠ. ಇಲ್ಲಿ ಮಾತ್ರ ಸಂಖ್ಯೆ ಎರಡನೆಯ ದಶಮಾಂಶ ಸ್ಥಾನದಲ್ಲಿ ಕೊಂಚ ಅಲುಗಾಡಿ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ದೋಷದ ಅರ್ಧ ಉತ್ತರ ಆ ಸಾಲಿನಲ್ಲಿಯೇ ಅಚ್ಚಾಗಿತ್ತೆಂಬುದು ನನಗೆ ಹೊಳೆದದ್ದು ಒಂಬತ್ತು ದಿನಗಳ ನಂತರ.

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂವಹನ ವಿಷಯ ಕಲಿಸುವವನು. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಾಜೆಕ್ಟ್‌ಗಾಗಿ ಸಾಫ್ಟ್‌ವೇರ್ ರೇಡಿಯೊದಲ್ಲಿ, ಅಂದರೆ ರೇಡಿಯೊದ ಕೆಲಸವನ್ನು ಕಂಪ್ಯೂಟರ್ ಪ್ರೋಗ್ರಾಂ ಮಾಡುವ ವ್ಯವಸ್ಥೆಯಲ್ಲಿ, ಒಂದು ಸರಳ ಪ್ರೇಷಕವನ್ನೂ ಗ್ರಾಹಕವನ್ನೂ ಕಟ್ಟಬೇಕೆಂದಿದ್ದಳು. ಹಾರ್ಡ್‌ವೇರ್ ಮುಟ್ಟುವ ಮೊದಲು ಎಲ್ಲವನ್ನೂ ಸಿಮ್ಯುಲೇಶನ್‌ನಲ್ಲಿ ಓಡಿಸಿ, ತಪ್ಪು ಬಿಟ್‌ಗಳ ಪ್ರಮಾಣವನ್ನು, ಅಂದರೆ ಬಿಟ್ ಎರರ್ ರೇಟನ್ನು (ಬಿಇಆರ್), ಪಠ್ಯಪುಸ್ತಕದ ಸಿದ್ಧಾಂತದ ವಕ್ರರೇಖೆಯ ಜೊತೆ ಇಟ್ಟು ನೋಡೋಣ ಎಂದು ನಾನೇ ಹೇಳಿದ್ದೆ. ಬಳಸಿದ್ದು ಗ್ನೂ ರೇಡಿಯೊ. 2001ರಲ್ಲಿ ಎರಿಕ್ ಬ್ಲಾಸಮ್ ಆರಂಭಿಸಿದ, ಯಾರು ಬೇಕಾದರೂ ಇಳಿಸಿಕೊಂಡು ಒಳಗಿನ ಕೋಡನ್ನು ಓದಬಹುದಾದ ಸ್ವತಂತ್ರ ತಂತ್ರಾಂಶ. ನಮ್ಮ ಯಂತ್ರದಲ್ಲಿ ಲಿನಕ್ಸ್‌ನ ಉಬುಂಟು 20.04ರ ಜೊತೆ ಬರುವ 3.8ರ ಸರಣಿಯ ಆವೃತ್ತಿಯಿತ್ತು. ಅದರಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಬ್ಲಾಕ್ ಇರುತ್ತದೆ. ಬ್ಲಾಕ್‌ಗಳನ್ನು ತಂತಿಯಿಂದ ಜೋಡಿಸಿದಂತೆ ಜೋಡಿಸಿದರೆ ಅದು ಫ್ಲೋಗ್ರಾಫ್. ಅದನ್ನು ಚಿತ್ರದಂತೆ ಎಳೆದು ಕೂರಿಸುವ ಸಾಧನದ ಹೆಸರು ಕಂಪ್ಯಾನಿಯನ್. ಕೆಳಗಿನ ಅಂಚಿನಲ್ಲಿ ಅದರದೇ ಒಂದು ಕನ್ಸೋಲ್ ಇದ್ದು, ಓಟದ ವೇಳೆ ಬ್ಲಾಕ್‌ಗಳು ಹೇಳುವುದೆಲ್ಲ ಅಲ್ಲಿ ಸಾಲುಸಾಲಾಗಿ ಬೀಳುತ್ತದೆ.

ನಮ್ಮ ಫ್ಲೋಗ್ರಾಫ್ ಹೀಗಿತ್ತು. ಯಾದೃಚ್ಛಿಕವಾಗಿ ಸೊನ್ನೆ ಅಥವಾ ಒಂದನ್ನು ಹುಟ್ಟಿಸುವ ಮೂಲ. ಅದರ ಹಿಂದೆಯೇ 20,000 ಬಿಟ್ ಹೋದ ಮೇಲೆ ಹರಿವನ್ನು ನಿಲ್ಲಿಸುವ ಹೆಡ್ ಬ್ಲಾಕ್. ಆ ಬಿಟ್‌ಗಳನ್ನು ಕಳೆ ಒಂದು, ಕೂಡು ಒಂದು ಎಂಬ ಮಟ್ಟಗಳಿಗೆ ಬದಲಿಸುವ, ಬಿಪಿಎಸ್‌ಕೆ ಎಂಬ ವಿಧಾನದ ಹಂತ. ಒಂದು ಸಂಕೇತಕ್ಕೆ, ಇಲ್ಲಿ ಒಂದು ಬಿಟ್ಟಿಗೆ, ನಾಲ್ಕು ಸ್ಯಾಂಪಲ್‌ನಂತೆ (ಅಲೆಯ ನಾಲ್ಕು ಅಳತೆಗಳಂತೆ) ಹಿಗ್ಗಿಸುವ ರೂಟ್ ರೈಸ್ಡ್ ಕೊಸೈನ್ ಫಿಲ್ಟರ್. ಗದ್ದಲ ಕೂಡಿಸುವ ಚಾನೆಲ್. ಮತ್ತೆ ಅಂಥದೇ ಫಿಲ್ಟರ್, ಈ ಸಲ ನಾಲ್ಕಕ್ಕೊಂದರಂತೆ ಆರಿಸಿಕೊಳ್ಳುವಂಥದು. ಕೊನೆಗೆ ಸೊನ್ನೆಯೋ ಒಂದೋ ಎಂದು ತೀರ್ಮಾನಿಸುವ ಸ್ಲೈಸರ್. ಅಲ್ಲಿಂದ ಹೊರಬಂದ ಬಿಟ್‌ಗಳನ್ನೂ ಮೂಲದ ಬಿಟ್‌ಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದು ಬಿಇಆರ್ ಬ್ಲಾಕಿನ ಕೆಲಸ. ಪರೀಕ್ಷಾ ವಿಧಾನದಲ್ಲಿ ಇಟ್ಟರೆ ಅದು ಕನಿಷ್ಠ 100 ತಪ್ಪುಗಳು ಸಿಗುವವರೆಗೆ ಎಣಿಸಿ, ಒಂದು ಸಾಲು ಮುದ್ರಿಸಿ, ಸುಮ್ಮನಾಗುತ್ತದೆ. ಬಾಣದ ಎಡಕ್ಕೆ ತಪ್ಪಿನ ಎಣಿಕೆ ಮತ್ತು ಒಟ್ಟು ಎಣಿಕೆ. ಬಲಕ್ಕೆ ಅವುಗಳ ಭಾಗಲಬ್ಧದ ಹತ್ತರ ಲಾಗರಿದಮ್. −1.2 ಎಂದರೆ ಹತ್ತಿರಹತ್ತಿರ 0.0625, ಹದಿನಾರು ಬಿಟ್‌ಗೆ ಒಂದು ತಪ್ಪು.

ನನ್ನನ್ನು ದಾರಿ ತಪ್ಪಿಸಿದ್ದು ಈ ಹದಿನಾರಕ್ಕೊಂದು ಎಂಬ ಪ್ರಮಾಣದ ಸಭ್ಯತೆ. ಅರ್ಧಕ್ಕರ್ಧ ತಪ್ಪು ಎಂದು ಕನ್ಸೋಲ್ ಹೇಳಿದ್ದರೆ ಗ್ರಾಹಕ ಏನನ್ನೂ ಓದುತ್ತಿಲ್ಲ, ನಾಣ್ಯ ಚಿಮ್ಮಿದಂತೆ ಊಹಿಸುತ್ತಿದೆ ಎಂದು ಯಾವ ವಿದ್ಯಾರ್ಥಿಯೂ ಕೂಡಲೇ ಹೇಳಿಬಿಡುತ್ತಾನೆ. 0.0625 ಹಾಗಲ್ಲ. ಬಿಪಿಎಸ್‌ಕೆಯಲ್ಲಿ ಪ್ರತಿ ಬಿಟ್ಟಿನ ಶಕ್ತಿಗೂ ಗದ್ದಲದ ಸಾಂದ್ರತೆಗೂ ಇರುವ ಅನುಪಾತ 0.7 ಡೆಸಿಬೆಲ್ (ಡಿಬಿ) ಇದ್ದಾಗ ಸಿದ್ಧಾಂತವೇ ಆ ಪ್ರಮಾಣದ ತಪ್ಪನ್ನು ನಿರೀಕ್ಷಿಸುತ್ತದೆ. ಹಾಗಾಗಿ ಗ್ರಾಹಕ ಕೆಲಸ ಮಾಡುತ್ತಿದೆ, ಗದ್ದಲ ಹೊಂದಿಸುವ ಗುಂಡಿ ಮಾತ್ರ ಎಲ್ಲೋ ಕೈಕೊಟ್ಟಿದೆ ಎಂದು ನಾನು ನಂಬಿದೆ. ಆ ನಂಬಿಕೆಯ ಮೇಲೆ ಹುಡುಕಾಟವನ್ನು ಕಟ್ಟಿದೆ.

ಹುಡುಕಾಟ ಮೊದಲು ಹೋದದ್ದು ಕನ್ಸೋಲಿನಲ್ಲಿ ‘ಎರರ್’ ಎಂಬ ಪದ ಕಂಡ ಕಡೆಗೆ. ಪ್ರತಿ ಓಟದ ಆರಂಭದಲ್ಲಿಯೂ ಅಲ್ಲಿ ಒಂದು ಸಾಲು ಬೀಳುತ್ತಿತ್ತು: ‘ವಿಎಂಸರ್ಕ್‌ಬಫ್’ ಎಂದು ಆರಂಭವಾಗಿ, ಯಾವುದೋ ಪ್ರಿಫರೆನ್ಸ್ ಕಡತದ ಉದ್ದನೆಯ ವಿಳಾಸ ಹೇಳಿ, ಅಂಥ ಕಡತವಿಲ್ಲ ಎಂದು ಮುಗಿಯುತ್ತಿತ್ತು. ಅದರ ಬೆನ್ನಿಗೇ ‘ಕ್ರಿಯೇಟ್‌ಫೈಲ್‌ಮ್ಯಾಪಿಂಗ್ ಲಭ್ಯವಿಲ್ಲ’ ಎಂಬ ಇನ್ನೊಂದು ಸಾಲು. ಹೆಸರಿನಲ್ಲಿ ಬಫರ್ (ದತ್ತಾಂಶ ತಾತ್ಕಾಲಿಕವಾಗಿ ತಂಗುವ ಜಾಗ) ಇದೆ, ನಮ್ಮ ಬಿಟ್‌ಗಳು ಹರಿಯುವುದೂ ಬಫರ್‌ಗಳಲ್ಲಿಯೇ; ಬಫರ್ ಸರಿಯಿಲ್ಲದಿದ್ದರೆ ಬಿಟ್‌ಗಳು ಕಲಸಿಹೋಗುವುದು ಸಹಜವಲ್ಲವೇ ಎಂದು ತರ್ಕಿಸಿ, ಎರಡು ಸಂಜೆಗಳನ್ನು ಕಡತದ ಅನುಮತಿಗಳನ್ನು ಬದಲಿಸುವುದರಲ್ಲಿಯೂ ತಂತ್ರಾಂಶವನ್ನು ಕಿತ್ತು ಮರುಸ್ಥಾಪಿಸುವುದರಲ್ಲಿಯೂ ಕಳೆದೆ.

ಆ ಸಾಲಿನ ನಿಜವಾದ ಅರ್ಥ ತೀರ ಸಾಧಾರಣವಾದದ್ದು. ಗ್ನೂ ರೇಡಿಯೊ ಬ್ಲಾಕ್‌ಗಳ ನಡುವೆ ವೃತ್ತಾಕಾರದ ಬಫರ್‌ಗಳನ್ನು ಇಡುತ್ತದೆ. ಅದನ್ನು ಮಾಡಲು ಬೇರೆ ಬೇರೆ ವಿಧಾನಗಳಿವೆ. ಮೊದಲ ಸಲ ಓಡುವಾಗ ಒಂದೊಂದನ್ನೇ ಪ್ರಯತ್ನಿಸಿ, ಈ ಯಂತ್ರದಲ್ಲಿ ಯಾವುದು ನಡೆಯುತ್ತದೆಂದು ಕಂಡುಕೊಂಡು, ಆ ಆಯ್ಕೆಯನ್ನು ಬಳಕೆದಾರನ ಮನೆಕೋಶದ (ಹೋಮ್ ಫೋಲ್ಡರಿನ) ಒಳಗಿನ ಕಡತವೊಂದರಲ್ಲಿ ಬರೆದಿಡುತ್ತದೆ. ಕಡತ ಇನ್ನೂ ಹುಟ್ಟಿಲ್ಲ ಎಂಬುದನ್ನೇ ಅದು ಎರರ್ ಎಂದು ಕೂಗುವುದು. ಕ್ರಿಯೇಟ್‌ಫೈಲ್‌ಮ್ಯಾಪಿಂಗ್ ವಿಂಡೋಸ್‌ಗೆ ಸೇರಿದ ವಿಧಾನವಾದ್ದರಿಂದ ಲಿನಕ್ಸ್‌ನಲ್ಲಿ ಅದು ಇಲ್ಲದಿರುವುದು ಸರಿಯೇ. ಮಾಮೂಲಿಯಾಗಿ ಈ ಸಾಲುಗಳು ಮೊದಲ ಓಟದಲ್ಲಿ ಕಾಣಿಸಿ ಆಮೇಲೆ ಮಾಯವಾಗುತ್ತವೆ. ನಾವು ಎಲ್ಲವನ್ನೂ ಕಂಟೇನರಿನೊಳಗೆ, ಅಂದರೆ ಯಂತ್ರದೊಳಗೇ ಇರುವ ಪ್ರತ್ಯೇಕ ಪರಿಸರದೊಳಗೆ, ಓಡಿಸುತ್ತಿದ್ದೆವು. ಪ್ರತಿಸಲವೂ ಹೊಸ ಕಂಟೇನರ್, ಹೊಸ ಮನೆಕೋಶ. ನಮ್ಮ ಪಾಲಿಗೆ ಪ್ರತಿ ಓಟವೂ ಮೊದಲ ಓಟವೇ ಆಗಿತ್ತು. ದಿನವೂ ಬರುವ ಎರರ್ ದಿನವೂ ಇರುವ ದೋಷಕ್ಕೆ ಕಾರಣವಿರಬೇಕೆಂದು ನಾನು ಗಂಟು ಹಾಕಿದ್ದೆ.

ಇನ್ನೊಂದು ಸಾಲು ಎಚ್ಚರಿಕೆಯ ರೂಪದಲ್ಲಿ ಬರುತ್ತಿತ್ತು. ಈ ಫ್ಲೋಗ್ರಾಫಿನಲ್ಲಿ ಆಡಿಯೊ ಅಥವಾ ರೇಡಿಯೊ ಹಾರ್ಡ್‌ವೇರ್ ಕಾಣುತ್ತಿಲ್ಲ, ಹರಿವಿಗೆ ಹಿಡಿತವಿಲ್ಲ, ಸಿಪಿಯು ಮೇಲೆ ಹೊರೆ ಬೀಳದಂತೆ ಥ್ರಾಟಲ್ ಬ್ಲಾಕೊಂದನ್ನು ಸೇರಿಸಿ ಎಂಬುದು ಅದರ ಸಲಹೆ. ಪರದೆಯ ಮೇಲೆ ಅಲೆಗಳನ್ನು ನೋಡುತ್ತ ಕೂರುವವರಿಗೆ ಅದು ಒಳ್ಳೆಯ ಸಲಹೆಯೇ. ಬಿಟ್ ಎಣಿಸುವವರಿಗೆ ಅದು ಬೇಡ. ಯಂತ್ರ ಎಷ್ಟು ಬೇಗ ಓಡಿದರೆ ಅಷ್ಟು ಒಳ್ಳೆಯದು. ನಾನು ವಿಧೇಯನಾಗಿ ಸೇರಿಸಿದೆ. ಕಂಪ್ಯಾನಿಯನ್ ತಾನಾಗಿ ಕೊಡುವ ಸ್ಯಾಂಪಲ್ ದರ ಸೆಕೆಂಡಿಗೆ 32,000. 20,000 ಬಿಟ್, ಬಿಟ್ಟಿಗೆ ನಾಲ್ಕು ಸ್ಯಾಂಪಲ್ ಎಂದರೆ ಒಂದು ಓಟಕ್ಕೆ ಎರಡೂವರೆ ಸೆಕೆಂಡ್. ಹಾಗೆ ನಿಧಾನವಾಗಿ ಓಡಿಸಿದ ಮೇಲೂ ಉತ್ತರದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ, ಇರುವ ಕಾರಣವೂ ಇರಲಿಲ್ಲ. ಸಿಮ್ಯುಲೇಶನ್‌ನಲ್ಲಿ ಸ್ಯಾಂಪಲ್ ದರವೆಂಬುದು ಗ್ರಾಫಿನ ಅಡಿಪಟ್ಟಿಗೆ ಅಂಕಿ ಬರೆಯಲು ಬೇಕಾಗುವ ಒಂದು ಹೆಸರಷ್ಟೆ. ಗಣಿತಕ್ಕೆ ಗೊತ್ತಿರುವುದು ಇದು ಎಷ್ಟನೆಯ ಸ್ಯಾಂಪಲ್ ಎಂಬುದು ಮಾತ್ರ. ಹಾರ್ಡ್‌ವೇರ್ ಜೋಡಿಸಿ ದುಡಿದವರಿಗೆ ಕನ್ಸೋಲಿನಲ್ಲಿ ಸಾಲಾಗಿ ಬೀಳುವ ‘ಓ’, ‘ಯು’ ಎಂಬ ಒಂಟಿ ಅಕ್ಷರಗಳ ಪರಿಚಯವಿರುತ್ತದೆ. ಕಂಪ್ಯೂಟರ್ ಸಾಕಷ್ಟು ಬೇಗ ತೆಗೆದುಕೊಳ್ಳಲಿಲ್ಲ, ಸಾಕಷ್ಟು ಬೇಗ ಕೊಡಲಿಲ್ಲ ಎಂದು ಅವು ಹೇಳುತ್ತವೆ. ಒರಟಾಗಿದ್ದರೂ ನಂಬಬಹುದಾದ ಮಾತು ಅವುಗಳದು ಎಂದು ಆ ದಿನಗಳಲ್ಲಿ ಹಲವು ಸಲ ಅನ್ನಿಸಿತು.

ಕನ್ಸೋಲ್ ತಾನಾಗಿ ಹೇಳುವುದು ಸಾಲದೆಂದು ಬ್ಲಾಕ್‌ಗಳಿಗೆ ನಾನೇ ಬಾಯಿ ಕೊಡಲು ಹೋದೆ. ಕಂಪ್ಯಾನಿಯನ್ ಒಳಗೇ ಪೈಥಾನ್‌ನಲ್ಲಿ ಚಿಕ್ಕ ಬ್ಲಾಕ್ ಬರೆಯುವ ಅವಕಾಶವಿದೆ. ಮೂಲದ ಬಳಿ ಒಂದು, ಸ್ಲೈಸರಿನ ಬಳಿ ಒಂದು ಎಂದು ಎರಡು ಗೂಢಚಾರ ಬ್ಲಾಕ್‌ಗಳನ್ನು ಇಟ್ಟು, ಕೈಗೆ ಬಂದ ಸ್ಯಾಂಪಲ್‌ಗಳೆಷ್ಟು, ಅವುಗಳಲ್ಲಿ ಮೊದಲ ಎಂಟು ಯಾವುವು ಎಂದು ಮುದ್ರಿಸಲು ಹೇಳಿದೆ. ಬಂದ ಸಾಲುಗಳು ಹೀಗಿದ್ದವು: ಮೂಲ 4096, ಮೂಲ 4096, ಸ್ಲೈಸರ್ 1017, ಮೂಲ 2048, ಸ್ಲೈಸರ್ 3060, ಸ್ಲೈಸರ್ 12. ಮುಂದಿನ ಓಟದಲ್ಲಿ ಬೇರೆಯದೇ ಕ್ರಮ, ಬೇರೆಯದೇ ಸಂಖ್ಯೆಗಳು. ಮೂಲ ಎರಡು ಸಲ ಮಾತಾಡಿದ ಮೇಲೆ ಸ್ಲೈಸರ್ ಒಂದು ಸಲ ಮಾತಾಡಿತು, ಆದ್ದರಿಂದ ಎರಡರ ನಡುವೆ ಇಷ್ಟು ಸಾವಿರ ಬಿಟ್‌ಗಳ ವಿಳಂಬವಿದೆ ಎಂದು ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ವಿಳಂಬದ ಬ್ಲಾಕಿನಲ್ಲಿ 4096 ಎಂದು ಬರೆದು ಓಡಿಸಿದ್ದೂ ಉಂಟು.

ಆ ಲೆಕ್ಕಕ್ಕೆ ಬುಡವಿರಲಿಲ್ಲ. ಗ್ನೂ ರೇಡಿಯೊದಲ್ಲಿ ಪ್ರತಿ ಬ್ಲಾಕೂ ತನ್ನದೇ ಥ್ರೆಡ್‌ನಲ್ಲಿ, ಅಂದರೆ ಉಳಿದವುಗಳ ಜೊತೆಜೊತೆಗೇ ಸಾಗುವ ಪ್ರತ್ಯೇಕ ಎಳೆಯಲ್ಲಿ, ಓಡುತ್ತದೆ. ಬಫರಿನಲ್ಲಿ ಆ ಗಳಿಗೆಗೆ ಎಷ್ಟು ಇದೆಯೋ ಅಷ್ಟನ್ನು ಕೆಲಸ ಹಂಚುವ ಷೆಡ್ಯೂಲರ್ ಅದರ ಕೈಗಿಡುತ್ತದೆ. ಯಾವ ಥ್ರೆಡ್‌ಗೆ ಯಾವಾಗ ಸರದಿ ಬರುವುದೆಂದು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಂ. ಕನ್ಸೋಲಿನ ಸಾಲುಗಳ ಅನುಕ್ರಮ ತೋರಿಸುವುದು ಯಾರಿಗೆ ಯಾವಾಗ ಸರದಿ ಸಿಕ್ಕಿತು ಎಂಬುದನ್ನು; ಯಾವ ಬಿಟ್ ಯಾವ ಬಿಟ್ಟಿಗೆ ಜೋಡಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮುದ್ರಿಸುವುದೂ ಒಂದು ಕೆಲಸವೇ ಆದ್ದರಿಂದ, ಹೆಚ್ಚು ಮುದ್ರಿಸಿದಷ್ಟೂ ಆ ಬ್ಲಾಕ್ ನಿಧಾನವಾಗಿ, ಅದರ ಕೈಗೆ ಬೀಳುವ ತುಂಡುಗಳ ಗಾತ್ರವೇ ಬದಲಾಗುತ್ತಿತ್ತು. ಥರ್ಮಾಮೀಟರ್ ಇಟ್ಟ ಮಾತ್ರಕ್ಕೆ ಜ್ವರ ಏರಿದ ಹಾಗೆ.

ಇದರ ಮೇಲೆ ಇನ್ನೊಂದು ಎಡವಟ್ಟು ನಾನೇ ತಂದುಕೊಂಡದ್ದು. ರಾತ್ರಿ ದೀರ್ಘ ಓಟಕ್ಕೆ ಬಿಟ್ಟು ಬೆಳಿಗ್ಗೆ ನೋಡೋಣವೆಂದು, ಕಂಪ್ಯಾನಿಯನ್ ಬಿಟ್ಟು ಟರ್ಮಿನಲ್‌ನಿಂದ ನೇರವಾಗಿ ಪೈಥಾನ್ ಕಡತವನ್ನು ಓಡಿಸಿ, ಔಟ್‌ಪುಟ್ಟನ್ನು ಪೈಪ್ ಮೂಲಕ ‘ಟೀ’ ಎಂಬ ಆದೇಶಕ್ಕೆ ಕೊಟ್ಟು ಕಡತದಲ್ಲಿ ಉಳಿಸಿದೆ. ಬೆಳಿಗ್ಗೆ ನೋಡಿದರೆ ಗ್ನೂ ರೇಡಿಯೊದ ಸಿ++ ಭಾಗದಿಂದ ಬಂದ ಎಚ್ಚರಿಕೆಗಳೆಲ್ಲ ಕಡತದ ತಲೆಯಲ್ಲಿ, ನನ್ನ ಗೂಢಚಾರರ ಸಾಲುಗಳೆಲ್ಲ ಬುಡದಲ್ಲಿ. ಪೈಥಾನ್ ತನ್ನ ಮಾತು ಟರ್ಮಿನಲ್‌ಗೆ ಹೋಗುತ್ತಿದ್ದರೆ ಸಾಲುಸಾಲಾಗಿ ಕೊಡುತ್ತದೆ. ಪೈಪಿಗೆ ಹೋಗುತ್ತಿದ್ದರೆ ಸುಮಾರು ಎಂಟು ಸಾವಿರ ಬೈಟ್ ಕೂಡುವವರೆಗೆ ಒಳಗೇ ಇಟ್ಟುಕೊಂಡು ಒಟ್ಟಿಗೆ ಸುರಿಯುತ್ತದೆ. ಸಿ++ ಭಾಗ ದೋಷವಾಹಿನಿಗೆ ಬರೆದದ್ದು ತಡೆಯಿಲ್ಲದೆ ನೇರ ಹೊರಬೀಳುತ್ತದೆ. ಕಂಪ್ಯಾನಿಯನ್ ಪೈಥಾನನ್ನು ಕರೆಯುವಾಗ ‘ಮೈನಸ್ ಯು’ ಎಂಬ ಆಯ್ಕೆ ಕೊಟ್ಟು ಈ ಕೂಡಿಡುವಿಕೆಯನ್ನು ತಪ್ಪಿಸುತ್ತದೆ. ಕನ್ಸೋಲಿನ ಆರಂಭದ ಸಾಲೊಂದರಲ್ಲಿಯೇ ಅದು ಕಾಣುತ್ತದೆ. ದಿನವೂ ನೋಡುತ್ತಿದ್ದ ಆ ಸಾಲನ್ನು ನಾನು ಒಂದು ಸಲವೂ ಓದಿರಲಿಲ್ಲ. ಅಂದು ಒಂದು ಓಟವನ್ನು ಮಧ್ಯದಲ್ಲಿ ಬಲವಂತವಾಗಿ ಕೊಂದಿದ್ದೆ. ಅದರ ಕೊನೆಯ ಸಾಲುಗಳು ಪೈಥಾನಿನ ಹೊಟ್ಟೆಯಲ್ಲಿಯೇ ಉಳಿದುಹೋದವು. ಇಲ್ಲದ ಆ ಸಾಲುಗಳನ್ನು ಆಧಾರವಾಗಿಟ್ಟುಕೊಂಡು, ಗ್ರಾಹಕ ಅಲ್ಲಿಯೇ ನಿಂತುಹೋಯಿತೆಂದು ವಿದ್ಯಾರ್ಥಿನಿಗೆ ವಿವರಿಸಿದ್ದೆನೆಂದು ನೆನೆದರೆ ಈಗಲೂ ಮುಜುಗರ.

ಗೂಢಚಾರರ ಮಾತನ್ನು ತಿದ್ದಿದ ಮೇಲೆ ಪರಿಸ್ಥಿತಿ ಬದಲಾಯಿತು. ಪ್ರತಿ ಬ್ಲಾಕಿಗೂ ತಾನು ಆರಂಭದಿಂದ ಇದುವರೆಗೆ ಓದಿದ ಸ್ಯಾಂಪಲ್‌ಗಳ ಲೆಕ್ಕ ಗೊತ್ತಿರುತ್ತದೆ. ಅದನ್ನು ಕೇಳಿ ಪಡೆಯಲು ‘ಎನ್‌ಐಟಮ್ಸ್ ರೀಡ್’ ಎಂಬ ಕರೆಯಿದೆ. ‘ಇಷ್ಟು ಬಂತು’ ಎನ್ನುವ ಬದಲು ‘ಇಷ್ಟನೆಯ ಬಿಟ್ಟಿನಿಂದ ಆರಂಭ’ ಎಂದು ಮುದ್ರಿಸಿದಾಗ, ಸಾಲುಗಳು ಯಾವ ಕ್ರಮದಲ್ಲಿ ಬಿದ್ದರೂ ಆಮೇಲೆ ಜೋಡಿಸಿಕೊಳ್ಳಬಹುದಾಯಿತು. ಹಾಗೆ ಜೋಡಿಸಿದಾಗ ಮೂಲದ 5000ನೆಯ ಬಿಟ್ಟಿನಿಂದ ಮುಂದಿನ ಎಂಟಕ್ಕೂ ಸ್ಲೈಸರಿನ 5000ನೆಯದರಿಂದ ಮುಂದಿನ ಎಂಟಕ್ಕೂ ಏನೂ ಹೋಲಿಕೆ ಕಾಣಲಿಲ್ಲ. ಆಗ, ಆರನೆಯ ದಿನ, ಮೊದಲ ದಿನವೇ ಮಾಡಬೇಕಾಗಿದ್ದ ಪ್ರಯೋಗವನ್ನು ಮಾಡಿದೆ: ಗದ್ದಲವನ್ನು ಪೂರ್ತಿ ಸೊನ್ನೆಗೆ ಇಳಿಸಿದೆ. ಗದ್ದಲವೇ ಇಲ್ಲದ ಚಾನೆಲ್‌ನಲ್ಲಿ ಒಂದು ಬಿಟ್ಟೂ ತಪ್ಪಬಾರದು. ಕನ್ಸೋಲ್ ಹೇಳಿದ್ದು −1.198.

ಅಲ್ಲಿಗೆ ಗದ್ದಲ ಹೊಂದಿಸುವ ಗುಂಡಿ ನಿರಪರಾಧಿಯೆಂದು ಸಾಬೀತಾಯಿತು. ಹೋಲಿಸುತ್ತಿದ್ದ ಬಿಟ್‌ಗಳು ಜೋಡಿಗಳೇ ಆಗಿರಲಿಲ್ಲ. ಫಿಲ್ಟರ್ ಎಂದರೆ ವಿಳಂಬ ಇದ್ದೇ ಇರುತ್ತದೆ. ನಮ್ಮ ಫಿಲ್ಟರುಗಳಿಗೆ ತಲಾ 45 ಟ್ಯಾಪ್ (ಗುಣಾಂಕ). ಒಂದೊಂದೂ 22 ಸ್ಯಾಂಪಲ್ ತಡ ಮಾಡುತ್ತದೆ. ಎರಡೂ ಸೇರಿ 44 ಸ್ಯಾಂಪಲ್, ಅಂದರೆ ಹನ್ನೊಂದು ಬಿಟ್ ಎಂದು ಕಾಗದದ ಲೆಕ್ಕ. ಕಾಗದವನ್ನು ನಂಬಿ ಸಾಕಾಗಿತ್ತಾದ್ದರಿಂದ ಎರಡೂ ಕಡೆಯ ಬಿಟ್‌ಗಳನ್ನು ಕಡತಕ್ಕೆ ಬರೆದು, ನಂಪೈ ಎಂಬ ಪೈಥಾನಿನ ಗಣಿತ ಸಾಧನದಲ್ಲಿ ಒಂದನ್ನು ಇನ್ನೊಂದರ ಮೇಲೆ ಸರಿಸಿ ಸರಿಸಿ ಹೋಲಿಸಿ ನೋಡಿದೆ. ಅತಿ ಹೆಚ್ಚು ಹೊಂದಿಕೆಯ ಶಿಖರ ಬಿದ್ದದ್ದು 12ರಲ್ಲಿ. ಹಿಗ್ಗಿಸುವ ಫಿಲ್ಟರ್ ತನ್ನ ಟ್ಯಾಪ್‌ಗಳ ಸಂಖ್ಯೆಯನ್ನು ನಾಲ್ಕರ ಗುಣಕವಾಗಿಸಲು ಸೊನ್ನೆಗಳನ್ನು ತುಂಬಿ 48 ಮಾಡಿಕೊಳ್ಳುತ್ತದೆ. ಐ ಡಯಾಗ್ರಂನ (ಅಲೆಯ ತುಣುಕುಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಚಿತ್ರದ) ಕಣ್ಣು ಸರಿಯಾಗಿ ತೆರೆಯಲೆಂದು ನಾನು ಹಿಂದೆ ಒಂದು ಸ್ಯಾಂಪಲ್ ವಿಳಂಬವನ್ನೂ ಸೇರಿಸಿದ್ದೆ. ಎರಡೂ ಸೇರಿ ಇನ್ನೊಂದು ಬಿಟ್ ಆಗಿತ್ತು. 12ರಲ್ಲಿ ಬಿದ್ದ ಶಿಖರ 1012, 2012, 3012ರಲ್ಲಿಯೂ ಮತ್ತೆ ಎದ್ದದ್ದನ್ನು ಕಂಡು ಒಂದು ಗಳಿಗೆ ಗಾಬರಿಯಾಯಿತು. ಯಾದೃಚ್ಛಿಕ ಮೂಲವೆಂಬ ಬ್ಲಾಕ್ ಆರಂಭದಲ್ಲಿ ಒಂದು ಸಾವಿರ ಅಂಕಿಗಳನ್ನು ಹುಟ್ಟಿಸಿಕೊಂಡು ಅವನ್ನೇ ಸುತ್ತಿ ಸುತ್ತಿ ಕೊಡುತ್ತದೆಂಬುದು ಆಗ ತಿಳಿಯಿತು. ಬದಲಾಯಿಸಬಹುದಾದ ಆಯ್ಕೆ ಅದು, ನಾವು ಬದಲಾಯಿಸಿರಲಿಲ್ಲ.

ಮೂಲದ ಬಿಟ್‌ಗಳಿಗೆ 12ರ ವಿಳಂಬ ಕೊಟ್ಟ ಕೂಡಲೆ ಕನ್ಸೋಲಿನ ಸಂಖ್ಯೆ ಗದ್ದಲದ ಜೊತೆಗೆ ಏರಿಳಿಯತೊಡಗಿತು. ಶಕ್ತಿಗೂ ಗದ್ದಲಕ್ಕೂ ಇರುವ ಆ ಅನುಪಾತ 6 ಡಿಬಿ ಇದ್ದಾಗ ಮಾತ್ರ ಒಂದು ಸಾಲೂ ಬರಲಿಲ್ಲ. 20,000 ಬಿಟ್‌ಗಳಲ್ಲಿ ನೂರು ತಪ್ಪು ಕೂಡಿಲ್ಲವಾದ್ದರಿಂದ ಬ್ಲಾಕ್ ಏನೂ ಹೇಳದೆ ಓಟ ಮುಗಿಸಿತ್ತು. ಹೆಡ್ ಬ್ಲಾಕಿನ ಮಿತಿಯನ್ನು 20 ಲಕ್ಷಕ್ಕೆ ಏರಿಸಲು ವಿದ್ಯಾರ್ಥಿನಿಗೆ ಹೇಳಿ ಮನೆಗೆ ಹೋದೆ. ಮರುದಿನ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದಳು.

“ಸರ್, ಗ್ರಾಫ್ ಬಂತು. ನಮ್ಮ ರಿಸೀವರ್ ಥಿಯರಿಗಿಂತ ಚೆನ್ನಾಗಿದೆ ಸರ್!”

“ಎಷ್ಟಮ್ಮ ಚೆನ್ನಾಗಿದೆ?”

“4 ಡಿಬಿಯಲ್ಲಿ −2.8 ಬಂದಿದೆ ಸರ್. ಥಿಯರಿ −1.9 ಅಷ್ಟೇ ಹೇಳೋದು.”

ಬಿಪಿಎಸ್‌ಕೆಗೆ 4 ಡಿಬಿಯಲ್ಲಿ ಸಿದ್ಧಾಂತ ಕೊಡುವ ತಪ್ಪಿನ ಪ್ರಮಾಣ 0.0125. ನಮ್ಮ ಕನ್ಸೋಲ್ ಹೇಳುತ್ತಿದ್ದದ್ದು 0.0016ಕ್ಕೆ ಹತ್ತಿರ. ಅಷ್ಟು ಕಡಿಮೆ ತಪ್ಪು ನ್ಯಾಯವಾಗಿ ಸಿಗಬೇಕಾದರೆ 6.4 ಡಿಬಿ ಬೇಕು, ಅಂದರೆ ಪ್ರೇಷಕದ ಶಕ್ತಿ ಒಂದು ಮುಕ್ಕಾಲು ಪಟ್ಟಿನಷ್ಟಾಗಬೇಕು. ತಪ್ಪು ತಿದ್ದುವ ಯಾವ ಸಂಕೇತನವೂ ಇಲ್ಲದ, ಬರಿಯ ಬಿಪಿಎಸ್‌ಕೆ ಗ್ರಾಹಕ ಅದನ್ನು ಬಿಟ್ಟಿಯಾಗಿ ಗಳಿಸುವುದು ಸಾಧ್ಯವಿಲ್ಲ; ಆ ವಕ್ರರೇಖೆ ಅತ್ಯುತ್ತಮ ಗ್ರಾಹಕ ತಲುಪಬಹುದಾದ ಎಲ್ಲೆ. ಸಿದ್ಧಾಂತಕ್ಕಿಂತ ಕೆಟ್ಟ ಫಲಿತಾಂಶಕ್ಕೆ ನೂರು ಕಾರಣಗಳಿರಬಹುದು, ಉತ್ತಮ ಫಲಿತಾಂಶಕ್ಕೆ ಇರುವುದು ಲೆಕ್ಕದ ತಪ್ಪೊಂದೇ. ಅವಳ ಮುಖದ ಸಂತೋಷ ಕಂಡು ಇದನ್ನು ಆಗಲೇ ಹೇಳಲು ಬಾಯಿ ಬರಲಿಲ್ಲ. ಗ್ರಾಫನ್ನು ನನಗೆ ಕಳುಹಿಸಮ್ಮ ಎಂದಷ್ಟೆ ಹೇಳಿದೆ.

ಆ ರಾತ್ರಿ ಗ್ರಾಫನ್ನು ದೊಡ್ಡದು ಮಾಡಿ ನೋಡಿದಾಗ ಎರಡು ರೇಖೆಗಳು ರೈಲು ಕಂಬಿಗಳಂತೆ ಸಮಾಂತರವಾಗಿ ಇಳಿಯುತ್ತಿದ್ದವು. 2 ಡಿಬಿಯಲ್ಲಿ ಸಿದ್ಧಾಂತ −1.43, ನಮ್ಮದು −2.33. 4ರಲ್ಲಿ −1.90 ಮತ್ತು −2.81. 6ರಲ್ಲಿ −2.62 ಮತ್ತು −3.52. ಗದ್ದಲದ ಲೆಕ್ಕದಲ್ಲಿ ತಪ್ಪಿದ್ದರೆ ರೇಖೆ ಪಕ್ಕಕ್ಕೆ ಸರಿಯಬೇಕಿತ್ತು, ಮೇಲಿಂದ ಕೆಳಗಿನ ಅಂತರ ಹೋಗುತ್ತ ಹೋಗುತ್ತ ಹಿಗ್ಗಬೇಕಿತ್ತು. ಇಲ್ಲಿ ಎಲ್ಲ ಕಡೆಯೂ ಅಂತರ 0.9. ಲಾಗರಿದಮ್‌ನಲ್ಲಿ ಒಂದೇ ಅಂತರವೆಂದರೆ ಮೂಲ ಸಂಖ್ಯೆಯಲ್ಲಿ ಒಂದೇ ಗುಣಕ. ಕ್ಯಾಲ್ಕ್ಯುಲೇಟರ್ ತೆಗೆದು ಹತ್ತರ ಘಾತ 0.9 ಎಂದು ಒತ್ತಿದೆ: 7.94. ಎಂಟರ ಲಾಗರಿದಮ್ 0.903. ಎಂಟು ಎಂಬ ಸಂಖ್ಯೆ ಕಂಡ ಮೇಲೆ ಕಂಪ್ಯೂಟರಿನ ಮುಂದೆ ಕೂತವನಿಗೆ ಒಂದು ಬೈಟಿನ ಎಂಟು ಬಿಟ್‌ಗಳಲ್ಲದೆ ಬೇರೇನು ನೆನಪಾಗಬೇಕು?

ಆಗ ಬಾಣದ ಎಡಗಡೆಯನ್ನು ಓದಿದೆ. ಮಿತಿ ಏರಿಸುವ ಮುಂಚಿನ 4 ಡಿಬಿಯ ಓಟದ ಸಾಲು ‘102 ಓವರ್ 65536’ ಎಂದಿತ್ತು. ಆ ಓಟದಲ್ಲಿ ಹೆಡ್ ಬ್ಲಾಕ್ ಬಿಟ್ಟುಕೊಟ್ಟದ್ದು 20,000 ಬಿಟ್‌ಗಳನ್ನು ಮಾತ್ರ. ಕಳುಹಿಸಿದ್ದು ಇಪ್ಪತ್ತು ಸಾವಿರ, ಎಣಿಸಿದ್ದು ಅರವತ್ತೈದು ಸಾವಿರ. ಹಿಂದಕ್ಕೆ ಹೋಗಿ ಮೊದಲ ದಿನದ ಸಾಲನ್ನು ತೆಗೆದೆ: ‘2053 ಓವರ್ 32768’. ಅದೂ ಇಪ್ಪತ್ತು ಸಾವಿರಕ್ಕಿಂತ ಹೆಚ್ಚೇ. 32,768ನ್ನು ಎಂಟರಿಂದ ಭಾಗಿಸಿದರೆ 4096. ಅಷ್ಟರಲ್ಲಿ 2053 ತಪ್ಪು ಎಂದರೆ ಸರಿಯಾಗಿ ಅರ್ಧಕ್ಕರ್ಧ. ಗ್ರಾಹಕ ಏನನ್ನೂ ಓದುತ್ತಿಲ್ಲ ಎಂದು ಕನ್ಸೋಲ್ ಮೊದಲ ದಿನವೇ ಹೇಳಿತ್ತು, ಎಂಟರಿಂದ ಭಾಗಿಸಿಕೊಂಡು ಓದುವವರಿಗೆ.

ಬಿಇಆರ್ ಬ್ಲಾಕಿನ ಮೂಲ ಕೋಡನ್ನು ತೆರೆದೆ. ಅದರ ವಿವರಣೆಯ ಮೊದಲ ವಾಕ್ಯದಲ್ಲಿಯೇ ಒಂದು ಪದವಿದೆ: ‘ಪ್ಯಾಕ್ಡ್’. ಒಂದು ಬೈಟಿನೊಳಗೆ ಎಂಟು ಬಿಟ್‌ಗಳನ್ನು ಒತ್ತಾಗಿ ತುಂಬಿ ಕೊಡಬೇಕೆಂಬುದು ಆ ಬ್ಲಾಕಿನ ನಿರೀಕ್ಷೆ. ಹಾಗಾಗಿ ಅದು ಬಂದ ಬೈಟ್‌ಗಳನ್ನು ಎಣಿಸಿ ಎಂಟರಿಂದ ಗುಣಿಸುತ್ತದೆ. ನಮ್ಮ ಯಾದೃಚ್ಛಿಕ ಮೂಲ ಕೊಡುತ್ತಿದ್ದದ್ದು ಸೊನ್ನೆ ಅಥವಾ ಒಂದು. ಬೈಟಿಗೆ ಒಂದೇ ಬಿಟ್, ಉಳಿದ ಏಳು ಮನೆಗಳು ಸದಾ ಖಾಲಿ. ಎರಡೂ ಕಡೆ ಖಾಲಿಯಿರುವ ಏಳು ಮನೆಗಳು ಸದಾ ಹೊಂದಿಕೆಯಾಗುತ್ತವೆ. ನಾವು ಕಳುಹಿಸದೆ ಇದ್ದ ಬಿಟ್‌ಗಳೆಲ್ಲ ತಪ್ಪಿಲ್ಲದೆ ತಲುಪಿದವೆಂದು ಲೆಕ್ಕಕ್ಕೆ ಸೇರುತ್ತಿದ್ದವು. ಆ ಸಾಲಿಗೆ ಎರರ್ ಎಂಬ ಪಟ್ಟಿಯಿಲ್ಲ, ಎಚ್ಚರಿಕೆಯ ಪಟ್ಟಿಯೂ ಇಲ್ಲ; ಸಾಧುವಾದ ‘ಇನ್ಫೋ’. ಬ್ಲಾಕ್ ತನಗೆ ಕೊಟ್ಟದ್ದನ್ನು ತನ್ನ ನಿಯಮದಂತೆ ಎಣಿಸಿತ್ತಾದ್ದರಿಂದ ಅದನ್ನು ದೂರುವಂತೆಯೂ ಇರಲಿಲ್ಲ.

ಸರಿಪಡಿಸುವುದಕ್ಕೆ ಹಿಡಿದದ್ದು ಹತ್ತು ನಿಮಿಷ. ‘ಪ್ಯಾಕ್ ಕೆ ಬಿಟ್ಸ್’ ಎಂಬ ಬ್ಲಾಕನ್ನು ಎಂಟಕ್ಕೆ ಹೊಂದಿಸಿ ಎರಡೂ ಕವಲುಗಳಲ್ಲಿ, ಬಿಇಆರ್ ಬ್ಲಾಕಿಗೆ ಮೊದಲು ಕೂರಿಸಿದೆವು. ಇಲ್ಲಿ ವಿದ್ಯಾರ್ಥಿನಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು: ವಿಳಂಬದ ಬ್ಲಾಕ್ ಪ್ಯಾಕ್ ಮಾಡುವ ಮುಂಚೆ ಇರಬೇಕೋ, ಆಮೇಲೆ ಬಂದರೂ ನಡೆದೀತೋ? ಮುಂಚೆಯೇ ಇರಬೇಕು. ಹನ್ನೆರಡು ಬಿಟ್‌ಗಳೆಂದರೆ ಒಂದೂವರೆ ಬೈಟ್. ಪ್ಯಾಕ್ ಆದ ಮೇಲೆ ಅರ್ಧ ಬೈಟ್ ಸರಿಸುವುದಕ್ಕೆ ಅವಕಾಶವಿಲ್ಲ, ಬೈಟಿನ ಗಡಿಗಳೇ ಎರಡು ಕಡೆ ಬೇರೆ ಬೇರೆಯಾಗಿಬಿಡುತ್ತವೆ. ವಿಳಂಬದ ಬ್ಲಾಕ್ ಆರಂಭದಲ್ಲಿ ತಾನೇ ಹನ್ನೆರಡು ಸೊನ್ನೆಗಳನ್ನು ತುಂಬುವುದರಿಂದಲೂ, ಫಿಲ್ಟರುಗಳು ಮೊದಲ ಕೆಲವು ಬಿಟ್‌ಗಳಿಗೆ ಇನ್ನೂ ಬರಿದಾಗಿರುವುದರಿಂದಲೂ, ಆ ಭಾಗದಲ್ಲಿ ಐದಾರು ಸುಳ್ಳು ತಪ್ಪುಗಳು ಸೇರಿಕೊಳ್ಳುತ್ತವೆ. ಒಟ್ಟು ಎಣಿಸುವುದೇ ನೂರು ತಪ್ಪಾದಾಗ ಐದಾರು ಚಿಕ್ಕದಲ್ಲ. ಎರಡೂ ಕವಲುಗಳಲ್ಲಿ ಮೊದಲ 64 ಬಿಟ್‌ಗಳನ್ನು ಸ್ಕಿಪ್ ಹೆಡ್ ಬ್ಲಾಕಿನಿಂದ ಕತ್ತರಿಸಿ ಹಾಕಿದೆವು.

ಆಮೇಲೆ ಬಂದ ಸಾಲುಗಳು: 4 ಡಿಬಿಗೆ ‘103 ಓವರ್ 8192’, −1.901. 8 ಡಿಬಿಗೆ ‘101 ಓವರ್ 532480’, −3.722, ಸಿದ್ಧಾಂತದ ಬೆಲೆ −3.719. ನೂರು ತಪ್ಪುಗಳ ಮೇಲೆ ಕಟ್ಟಿದ ಅಂದಾಜಿನಲ್ಲಿ ಶೇಕಡಾ ಹತ್ತರಷ್ಟು ಏರುಪೇರು ಸಹಜವಾದ್ದರಿಂದ, ಮೂರನೆಯ ದಶಮಾಂಶದವರೆಗೆ ಬಂದ ಈ ಹೊಂದಿಕೆಯಲ್ಲಿ ಅದೃಷ್ಟದ ಪಾಲೂ ಇದೆಯೆಂದು ಅವಳಿಗೆ ಹೇಳಿದೆ. “ಹಾಗಾದರೆ ಥಿಯರಿಗಿಂತ ಚೆನ್ನಾಗಿಲ್ಲವಾ ಸರ್?” ಎಂದು ಕೇಳಿದಾಗ ಧ್ವನಿಯಲ್ಲಿ ಸ್ವಲ್ಪ ನಿರಾಶೆಯಿತ್ತು.

ಹಳೆಯ ಓಟಗಳ ಔಟ್‌ಪುಟ್ಟನ್ನೆಲ್ಲ ನಾನು ಮುದ್ರಿಸಿ ಫೈಲಿನಲ್ಲಿ ಇಟ್ಟಿದ್ದೆ. ಅದನ್ನು ತೆಗೆದು, ಪ್ರತಿಯೊಂದು ಬಾಣದ ಪಕ್ಕದಲ್ಲಿಯೂ ಪೆನ್ಸಿಲ್‌ನಿಂದ 0.903 ಕೂಡಿಸಿ ಬರೆಯುತ್ತ ಹೋದೆ. ವಿಳಂಬ ಸರಿಮಾಡಿದ ಮೇಲಿನವು ಒಂದೊಂದಾಗಿ ಸಿದ್ಧಾಂತದ ರೇಖೆಯ ಮೇಲೆ ಬಂದು ಕೂತವು. ಮೊದಲ ಆರು ದಿನಗಳವು ಪುಟ ಪುಟವೂ −0.3 ಎಂದೇ ಬಂದವು.